ಗುರುವಾರದ ಲೋಡು

ಶೇಕಡಾ ಒಂಬತ್ತು ಇದ್ದ ಲೋಡು ಗುರುವಾರ ಹತ್ತೂಕಾಲಿಗೆ ಮೂವತ್ತೊಂದು ಆಗುತ್ತಿತ್ತು. ಹಿಂದಿನ ಗುರುವಾರವೂ ಹಾಗೇ, ಅದರ ಹಿಂದಿನದೂ ಹಾಗೇ. ಉಳಿದ ಆರು ದಿನ ಆ ಗೆರೆ ಬಿಸಿಲಿಗೆ ಮಲಗಿದ ಮುದಿನಾಯಿಯ ಹಾಗೆ ಒಂಬತ್ತರ ಮೇಲೆ ಚಪ್ಪಟೆಯಾಗಿ ಬಿದ್ದಿರುತ್ತಿತ್ತು. ನೆವಿಲ್ ಟೋಸ್ಟಿಗೆ ಬೆಣ್ಣೆ ಸವರುತ್ತ, ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡ ಫೋನಿನಲ್ಲಿ ಆ ಗೆರೆಯನ್ನೇ ನೋಡುತ್ತಿದ್ದ. ಬೆಣ್ಣೆ ಟೋಸ್ಟಿನ ಅಂಚು ದಾಟಿ ಹೆಬ್ಬೆರಳಿಗೆ ಬಂದಿತ್ತು. ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ ಗ್ಲೆನಿಸ್, ಶೆಡ್‌ಗೆ ಹೊತ್ತಾಗಲಿಲ್ಲವೇ ಎಂದು ಕೇಳಿದಳು. ನಲವತ್ನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿ ಎಷ್ಟು ಗಂಟೆಗೆ ಏನು ಕೇಳುತ್ತಾಳೆಂದು ಗಂಡನಿಗೆ ಗೊತ್ತಿರುತ್ತದೆ. ಒಂಬತ್ತೂಮುಕ್ಕಾಲಿಗೆ ಕೇಳಬೇಕಾದದ್ದನ್ನು ಇವತ್ತು ಒಂಬತ್ತೂವರೆಗೇ ಕೇಳಿದ್ದಳು. ಹದಿನೈದು ನಿಮಿಷ ಮುಂಚೆ. ಅವನು ಅದನ್ನೂ ಮನಸ್ಸಿನಲ್ಲೇ ಬರೆದುಕೊಂಡ.

ಹಜಾರದ ಕಪಾಟಿನಲ್ಲಿ ಒಂದು ಯುಪಿಎಸ್ಸು, ಅದರ ತಲೆಯ ಮೇಲೆ ರೌಟರು, ಎರಡರ ನಡುವೆ ಹೊಕ್ಕುಳಬಳ್ಳಿಯಂಥ ಒಂದು ಗಿಡ್ಡ ವೈರು. ಯುಪಿಎಸ್ಸು ತನ್ನ ಹೊಟ್ಟೆಯಲ್ಲಿ ಎಷ್ಟಿದೆ, ಬೆನ್ನ ಮೇಲೆ ಎಷ್ಟು ಹೊರೆ ಬಿದ್ದಿದೆ, ಕರೆಂಟು ಹೋದರೆ ಎಷ್ಟು ನಿಮಿಷ ತಡೆದೀತು ಎನ್ನುವುದನ್ನೆಲ್ಲ ಆ ವೈರಿನಲ್ಲಿ ರೌಟರಿನ ಕಿವಿಗೆ ಹಾಕುತ್ತದೆ. ರೌಟರು ಹುಟ್ಟಾ ಚಾಡಿಕೋರ. ಕೇಳಿದವರಿಗೆ ತೋರಿಸುತ್ತದೆ, ಕೇಳದೆಯೂ ಒಬ್ಬನಿಗೆ ಹೇಳಿ ಕಳಿಸುತ್ತದೆ. ಆ ಒಬ್ಬ ನೆವಿಲ್ ಅಲ್ಲ. ರಸ್ತೆಯಾಚೆಯ ಮನೆಯ ವಾರಿಕ್. ವೈರಿನ ಈ ತುದಿಯಲ್ಲಿ ಮನೆ, ಆ ತುದಿಯಲ್ಲಿ ವೈರಿ. ಏಪ್ರಿಲ್‌ನಲ್ಲಿ ನೆವಿಲ್ ಹೊಟ್ಟೆ ಕೊಯ್ಸಿಕೊಂಡು ಊರ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದ್ದಾಗ ಇವೆಲ್ಲ ಅವನ ಮನೆಯ ಕಪಾಟು ಹೊಕ್ಕವು. ಈ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಫೋನೆಲ್ಲ ರೌಟರಿನ ಮೇಲೆ. ಗಾಳಿ ಬೀಸಿ ನೀಲಗಿರಿ ಮರವೊಂದು ಲೈನಿನ ಮೇಲೆ ಒರಗಿದರೆ ಕರೆಂಟೂ ಹೋಯಿತು, ಫೋನೂ ಹೋಯಿತು. ಆಸ್ಪತ್ರೆಯವರು ಗ್ಲೆನಿಸ್‌ಗೆ ಏನಾದರೂ ಹೇಳಬೇಕಾಗಿ ಬಂದರೆ ಹೇಗೆ? ಕಳೆದ ವರ್ಷವಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದ, ಎಪ್ಪತ್ತಾದರೂ ತಲೆತುಂಬ ಕೂದಲಿದ್ದ ವಾರಿಕ್ ಒಂದು ಮಧ್ಯಾಹ್ನ ಎಲ್ಲ ತಂದು ಜೋಡಿಸಿದನಂತೆ. ಕರೆಂಟು ಹೋದಾಗ ಕೀಚ್ ಕೀಚ್ ಎಂದು ಕೂಗುವುದು ಯುಪಿಎಸ್ಸಿನ ಹುಟ್ಟುಗುಣ. ಆ ಕೂಗನ್ನೂ ನಿಲ್ಲಿಸಿದನಂತೆ. ಗ್ಲೆನಿಸ್‌ಗೆ ಗಲಾಟೆ ಆಗುವುದಿಲ್ಲವಂತೆ. ಗ್ಲೆನಿಸ್‌ಗೆ ಏನು ಆಗುತ್ತದೆ ಏನು ಆಗುವುದಿಲ್ಲ ಎಂದು ಆ ಲೆಕ್ಕದ ಮೇಷ್ಟರಿಗೆ ಲೆಕ್ಕ ಒಪ್ಪಿಸಿದವರು ಯಾರು?

ಬೇರೆ ಏನನ್ನಾದರೂ ತಂದಿಟ್ಟಿದ್ದರೆ ನೆವಿಲ್ ಸಹಿಸಿಕೊಳ್ಳುತ್ತಿದ್ದನೋ ಏನೋ. ಒಂದು ಫ್ರಿಜ್ಜು, ಒಂದು ಕುರ್ಚಿ, ಒಂದು ಬೆಕ್ಕು. ಆದರೆ ಬ್ಯಾಟರಿ. ಮೂವತ್ತೊಂದು ವರ್ಷ ನೆವಿಲ್ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯ ಮನುಷ್ಯ. ಇಡೀ ಬೆಟ್ಟದ ಕರೆಂಟು ಹೋದರೂ ಫೋನು ಸತ್ತಿರಲಿಲ್ಲ ಅಂದರೆ ಅದು ಅವನ ಇಪ್ಪತ್ನಾಲ್ಕು ಗಾಜಿನ ಸೆಲ್ಲುಗಳ ಪುಣ್ಯ. ಆಸಿಡ್ಡಿನ ಹುಳಿ ವಾಸನೆಯ ಆ ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತ ಸೆಲ್ಲುಗಳಲ್ಲಿ ಒಂದಕ್ಕೆ ಮಾತ್ರ ಕೆಂಪು ಬಣ್ಣದ ಬೊಟ್ಟು. ಅದು ಪೈಲಟ್ ಸೆಲ್. ವಾರಕ್ಕೊಮ್ಮೆ ಆ ಒಂದಕ್ಕೆ ಆಸಿಡ್ಡಿನ ಗಾಢತೆ ಅಳೆಯುವ ಹೈಡ್ರೋಮೀಟರಿನ ಮೂತಿ ಅದ್ದಿ, ದ್ರವ ಎಳೆದು, ಒಳಗಿನ ಬುರುಡೆ ಎಲ್ಲಿ ತೇಲುತ್ತದೆ ನೋಡಿ, ಹಸಿರು ಕಾರ್ಡಿನಲ್ಲಿ ಬರೆಯಬೇಕು. ತಾರೀಖು, ಸೆಲ್ಲು, ಅಂಕಿ, ಷರಾ. ಆ ಒಂದರ ನಾಡಿ ಹಿಡಿದರೆ ಉಳಿದ ಇಪ್ಪತ್ಮೂರರ ಆರೋಗ್ಯ ತಿಳಿಯಿತು ಅಂತ. ಒಂದು ವಾರ ಕೂಡ ಅವನು ಕುರ್ಚಿಯಲ್ಲಿ ಕೂತು ಅಂಕಿ ಹುಟ್ಟಿಸಿದವನಲ್ಲ. ಹುಟ್ಟಿಸುವವರಿದ್ದರು, ಅವರಿಗೆ ಬಡ್ತಿಯೂ ಆಯಿತು. ಎಕ್ಸ್‌ಚೇಂಜು ಮುಚ್ಚಿದಾಗ ಕಸಕ್ಕೆ ಹೋಗುತ್ತಿದ್ದ ಹಸಿರು ಕಾರ್ಡಿನ ಕಟ್ಟುಗಳನ್ನು ಮನೆಗೆ ತಂದಿದ್ದ. ಗ್ಲೆನಿಸ್ ಅವುಗಳ ಬೆನ್ನ ಮೇಲೆ ಈರುಳ್ಳಿ, ಬೆಕ್ಕಿನ ಊಟ, ಸಾಬೂನು ಎಂದು ಬರೆಯುತ್ತ ಹದಿನೆಂಟು ವರ್ಷದಿಂದ ಖರ್ಚು ಮಾಡುತ್ತಿದ್ದಳು. ಅಂಥವನ ಮನೆಗೆ, ಅವನು ಬಾಯಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ, ಸೀಲು ಮಾಡಿದ, ಮೂಸಿ ನೋಡಲೂ ಆಗದ ಒಂದು ಬ್ಯಾಟರಿಯನ್ನು ತಂದಿಟ್ಟು ಅದರ ನಾಡಿ ಹಿಡಿಯುವ ಅಧಿಕಾರವನ್ನೂ ತಾನೇ ಇಟ್ಟುಕೊಳ್ಳುವುದೆಂದರೆ.

ರೌಟರು ಇದೆಲ್ಲ ತೋರಿಸುವ ಪುಟವನ್ನು ಫೋನಿನಲ್ಲಿ ಹೇಗೆ ತೆಗೆಯುವುದೆಂದು ಹೇಳಿಕೊಟ್ಟವನು ಸ್ಟಾವ್. ಗಂಡಸರ ಶೆಡ್ಡಿನಲ್ಲಿ, ಅಂದರೆ ನಿವೃತ್ತ ಗಂಡಸರನ್ನು ವಾರಕ್ಕೊಮ್ಮೆ ಹೆಂಡತಿಯರ ಕಾಲಡಿಯಿಂದ ಎತ್ತಿ ಮರಗೆಲಸಕ್ಕೆ ಹಚ್ಚುವ ಆ ತಗಡಿನ ಸೂರಿನಲ್ಲಿ, ಅವನ ಪಕ್ಕದ ಬೆಂಚಿನವನು. ಮೂವತ್ತು ವರ್ಷ ಟ್ರಾಮು ಓಡಿಸಿದ ಗ್ರೀಕ. ಇಷ್ಟು ಅಂಕಿ ಒತ್ತು, ನಿನ್ನ ಮನೆ ಕರೆಂಟಿನ ಜಾತಕ ಬರುತ್ತೆ ಅಂದಿದ್ದ. ಪಾಸ್‌ವರ್ಡು ಕೇಳಿತು. ರೌಟರನ್ನು ಮಗುವಿನ ಹಾಗೆ ಎತ್ತಿ ತಿರುಗಿಸಿದರೆ ಹೊಟ್ಟೆಯಡಿ ಒಂದು ಚೀಟಿ ಅಂಟಿಸಿತ್ತು. ಮೇಷ್ಟರ ಗುಂಡನೆ ಅಕ್ಷರದಲ್ಲಿ ಗ್ಲೆನಿಸ್‌ಳ ಹೆಸರು, ಅದಕ್ಕೆ ಅಂಟಿಕೊಂಡು ಅವಳು ಹುಟ್ಟಿದ ಇಸವಿ. ತನ್ನ ಹೆಂಡತಿಯ ಹೆಸರನ್ನು ಇನ್ನೊಬ್ಬ ಗಂಡಸು ಬರೆದದ್ದನ್ನು ನೋಡಿ ಅದನ್ನು ತಾನು ಅಕ್ಷರ ಅಕ್ಷರ ಒತ್ತಿ ಒಳಗೆ ಹೋಗಬೇಕಾಯಿತು. ಒಳಗೆ ಹೋದರೆ ಕರೆಂಟು ಹೋದಾಗ ಮೆಸೇಜು ಯಾರಿಗೆ ಎಂಬಲ್ಲಿ ಒಂದೇ ನಂಬರು, ಕೊನೆಗೆ ನಾನೂರ ಹದಿನೇಳು. ಅದು ತುರ್ತಿಗಿರಲಿ ಎಂದು ತಮ್ಮ ಫ್ರಿಜ್ಜಿನ ಬಾಗಿಲ ಮೇಲೂ ಇದ್ದ ವಾರಿಕ್‌ನ ನಂಬರು. ಅದರ ಕೆಳಗೆ ಯುಪಿಎಸ್ಸಿನ ಲೋಡಿನ ಆ ಗೆರೆ. ಗುರುವಾರ ಹತ್ತೂಕಾಲಿಗೆ ಎದ್ದದ್ದು ಹನ್ನೆರಡರ ಹತ್ತಿರ ಮಲಗುತ್ತಿತ್ತು. ಎದ್ದದ್ದಾದರೂ ಮರ್ಯಾದೆಯಿಂದ ನಿಂತಿರುತ್ತಿತ್ತೇ? ಇಲ್ಲ. ಏಳುವುದು, ಬೀಳುವುದು, ಮತ್ತೆ ಏಳುವುದು. ಸ್ವಲ್ಪ ಹೊತ್ತು ಸುಮ್ಮನಿರುವುದು. ಆಮೇಲೆ ಒಂದೇ ಸಮನೆ ಜೋರಾಗಿ ಏಳುವುದು ಬೀಳುವುದು. ನೆವಿಲ್ ಆ ಗೆರೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, ಹಿಗ್ಗಿಸಿದ್ದಕ್ಕೆ ನಾಚಿ, ಮತ್ತೆ ಹಿಗ್ಗಿಸಿದ್ದ. ತಾನು ಶೆಡ್ಡಿನಲ್ಲಿ ಮರದ ಬಾತುಕೋಳಿಗೆ ಮರಳುಕಾಗದ ಉಜ್ಜುವ ಹೊತ್ತು ಸರಿಯಾಗಿ ಅದೇ. ವಾರಿಕ್ ಎಂದು ಹೆಸರಿನಲ್ಲೇ ವಾರ ಇಟ್ಟುಕೊಂಡವನು ವಾರಕ್ಕೊಮ್ಮೆ ಬರದೆ ಇರುತ್ತಾನೆಯೇ.

ಬೇರೆ ಲಕ್ಷಣಗಳೂ ಇದ್ದವು; ಹೊಟ್ಟೆಕಿಚ್ಚಿಗೆ ಲಕ್ಷಣಗಳ ಬರ ಯಾವತ್ತೂ ಇಲ್ಲ. ಗ್ಲೆನಿಸ್ ಅಪ್ಪಿ ಮುದ್ದಾಡುವ ಜಾತಿಯವಳಲ್ಲ. ಮದುವೆಯ ದಿನ ಫೋಟೋದವನು ಹತ್ತಿರ ನಿಲ್ಲಿ ಅಂದಾಗ, ಇಷ್ಟು ಸಾಕು ಅಂದವಳು. ಅಂಥವಳು ಒಂದೂವರೆ ತಿಂಗಳಿಂದ ಬುಧವಾರ ಸಂಜೆ ಅವನು ಸಿಂಕಿನ ಮುಂದೆ ತಟ್ಟೆ ತೊಳೆಯುತ್ತಿರುವಾಗ ಹಿಂದಿನಿಂದ ಬಂದು ಸೊಂಟದ ಸುತ್ತ ಎರಡೂ ಕೈ ಹಾಕಿ, ಬೆನ್ನಿಗೆ ಕೆನ್ನೆಯಿಟ್ಟು, ಒಂದು ನಿಮಿಷ ಹಾಗೇ ನಿಲ್ಲುತ್ತಿದ್ದಳು. ಮೊದಲ ಸಲ ಅವನ ಕೈಯಿಂದ ಬಟ್ಟಲು ಜಾರಿತ್ತು. ನಾಳೆ ಮಾಡುವ ಪಾಪಕ್ಕೆ ಇವತ್ತೇ ಕಟ್ಟುವ ಕಂದಾಯ ಅಂತ ಈಗ ತಿಳಿಯಿತು. ಬಚ್ಚಲಿನ ತೂಕದ ಯಂತ್ರ ಸತ್ತು ಮೂರು ತಿಂಗಳಾಗಿತ್ತು, ಬಟನ್ನಿನಷ್ಟು ಒಂದು ಸೆಲ್ಲು ತರಲು ಅವಳಿಗೆ ನೆನಪಾಗುತ್ತಿರಲಿಲ್ಲ. ಮನಸ್ಸು ಎಲ್ಲೋ ಇದ್ದರೆ ನೆನಪು ಎಲ್ಲಿಂದ ಬರಬೇಕು. ಅವನಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ತೂಕ ಹೇಳಲು ಪ್ಯಾಂಟಿದೆಯಲ್ಲ. ಕರುಳಿನ ಮೊಳದುದ್ದ ತೆಗೆಸಿಕೊಂಡು ಬಂದ ಮೇಲೂ ಅದೇ ಬೂದು ಪ್ಯಾಂಟು, ಅದೇ ಗುಂಡಿ, ಸೊಂಟಕ್ಕೆ ಕಚ್ಚಿ ಕೂತಿದೆ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೊಟ್ಟೆ ತಟ್ಟಿ ತೋರಿಸಿದ್ದ. ತೊಡೆಯ ಹತ್ತಿರ ಮಾತ್ರ ಬಟ್ಟೆ ಈಚೆಗೆ ಉದಾರವಾಗಿತ್ತು. ಹಳೇ ಬಟ್ಟೆ, ಜೋಲುತ್ತದೆ. ಇನ್ನು ಹಿಂದಿನ ಕೋಣೆ. ಅದರ ಪ್ಲಗ್ ಪಾಯಿಂಟು ಸತ್ತು ವರ್ಷ ಹತ್ತಿರವಾಗಿತ್ತು. ಎಲೆಕ್ಟ್ರಿಷಿಯನ್ ಕರೆಸೋಣ ಅಂದರೆ ನೆವಿಲ್ ಉರಿದುಬೀಳುತ್ತಿದ್ದ. ಐದು ನಿಮಿಷದ ಕೆಲಸಕ್ಕೆ ಯಾವನೋ ಬಂದು ನನ್ನ ಮನೆ ಗೋಡೆಗೆ ಕೈ ಹಾಕುವುದೇ? ಈ ಶನಿವಾರ ಮಾಡ್ತೀನಿ ಅಂದಿದ್ದ. ಹೆಸರಿಗೆ ತಕ್ಕಂತೆ ನೆವಗಳು ಅವನಲ್ಲಿ ಧಾರಾಳ. ಐವತ್ತು ಶನಿವಾರಗಳಾದವು. ಈಗೀಗ ಗ್ಲೆನಿಸ್ ಆ ಕೋಣೆಯ ಮಾತೇ ಎತ್ತುತ್ತಿರಲಿಲ್ಲ. ಕೇಳುವುದನ್ನು ಬಿಟ್ಟ ಹೆಂಗಸು ಬೇರೆ ಕಡೆ ಕೇಳಿದ್ದಾಳೆ ಅಂತಲೇ ಅರ್ಥ.

ಬ್ಯಾಟರಿಯನ್ನು ಮೀಟರು ನೋಡಿ ನಂಬಬಾರದು ಅಂತ ಎಕ್ಸ್‌ಚೇಂಜಿನಲ್ಲಿ ಹಳಬರು ಹೇಳುತ್ತಿದ್ದರು. ಮೇನ್ಸ್ ಕಿತ್ತುಬಿಡು, ಹೊರೆ ಹೊರಿಸು, ಆಮೇಲೆ ಯಾರು ನಿಲ್ಲುತ್ತಾರೆ ಯಾರು ಕೂರುತ್ತಾರೆ ನೋಡು. ಹತ್ತಕ್ಕೆ ಹತ್ತು ನಿಮಿಷವಿರುವಾಗ ನೆವಿಲ್ ಟೋಪಿ ಹಾಕಿ, ಅರ್ಧ ಉಜ್ಜಿದ ಬಾತುಕೋಳಿಯನ್ನು ಚೀಲಕ್ಕಿಟ್ಟು, ಹೋಗಿಬರ್ತೀನಿ ಅಂದ. ಗ್ಲೆನಿಸ್ ಬಾಗಿಲವರೆಗೂ ಬಂದಳು. ಕಾರನ್ನು ತಿರುವಿನ ಆಚೆ ಬೇಲಿಗೆ ಒತ್ತಿ ನಿಲ್ಲಿಸಿ, ತನ್ನ ಮನೆಗೆ ತಾನೇ ಕಳ್ಳನ ಹಾಗೆ ಹಿಂದಿನ ಜರಿಗಿಡಗಳ ನಡುವಿಂದ ನುಸುಳಿ ಬಂದು ಸೌದೆ ಶೆಡ್ಡಿನಲ್ಲಿ ಕೂತ. ವೈಫೈ ಅಲ್ಲಿಗೆ ಒಂದೂವರೆ ಗೆರೆ ಬರುತ್ತಿತ್ತು. ಒಂಬತ್ತು. ಒಂಬತ್ತು. ಮೊಣಕಾಲು ನೋಯಿತು. ಜನರೇಟರಿನ ಪೆಟ್ರೋಲು ವಾಸನೆ, ಒಣ ತೊಗಟೆಯ ವಾಸನೆ, ತನ್ನದೇ ಬೆವರು. ರಸ್ತೆಯಿಂದ ಯಾರೂ ಬರಲಿಲ್ಲ. ಬರುವವನು ಹಿಂದಿನ ಬಾಗಿಲಿನಿಂದ ಮೊದಲೇ ಬಂದಿದ್ದರೆ? ಹತ್ತೂಕಾಲು ಆಗಿ ಎರಡು ನಿಮಿಷಕ್ಕೆ ಅಂಕಿ ಎದ್ದಿತು. ಇಪ್ಪತ್ತೇಳು. ಮೂವತ್ತೊಂದು. ಒಂಬತ್ತು. ಮೂವತ್ತೊಂದು. ಮದುವೆಯಾದ ಹೊಸತರಲ್ಲಿ ಗ್ಲೆನಿಸ್ ಎಕ್ಸ್‌ಚೇಂಜಿಗೆ ಬುತ್ತಿ ತರುತ್ತಿದ್ದಳು, ಆಸಿಡ್ಡು ಸಿಡಿದು ಅವನ ಪ್ಯಾಂಟಿನಲ್ಲಾದ ತೂತುಗಳಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ತೇಪೆ ಹಾಕುತ್ತಿದ್ದಳು, ನಿನ್ನ ಬ್ಯಾಟರಿಗಳು ನನ್ನ ಸವತಿಯರು ಅನ್ನುತ್ತಿದ್ದಳು. ಇಪ್ಪತ್ನಾಲ್ಕು ಸವತಿಯರು, ಒಬ್ಬಳಿಗೆ ಕೆಂಪು ಬೊಟ್ಟು. ಅವನು ಎದ್ದು ಗೋಡೆಯ ಮೀಟರ್ ಪೆಟ್ಟಿಗೆಯ ಬಾಗಿಲು ತೆಗೆದು ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ.

ಮನೆಯೊಳಗೆ ಏನೂ ಆಗಲಿಲ್ಲ. ಫ್ರಿಜ್ಜಿನ ಗುಂಯ್ ನಿಂತಿತು, ಅಷ್ಟೇ. ಗ್ಲೆನಿಸ್ ಹೊರಗೆ ಬರಲಿಲ್ಲ, ಕೂಗಲಿಲ್ಲ. ಸೌದೆ ಶೆಡ್ಡಿಗೆ ಓಡಿ ಕೂತು ನೋಡಿದರೆ ಪುಟದಲ್ಲಿ 'ಬ್ಯಾಟರಿ ಮೇಲೆ' ಎಂದು ಬಂದಿತ್ತು, ಇಪ್ಪತ್ತೆರಡು ನಿಮಿಷ ಉಳಿದಿದೆ ಎಂದೂ ಬಂದಿತ್ತು, ಲೋಡು ಮಾತ್ರ ನಿಲ್ಲದೆ ಏಳುತ್ತ ಬೀಳುತ್ತ ನಡೆದೇ ಇತ್ತು. ಇಡೀ ಮನೆಯ ಕರೆಂಟು ಹೋದದ್ದು ಗೊತ್ತಾಗದಷ್ಟು ಮೈಮರೆವು. ಆಗ ರಸ್ತೆಯಾಚೆಯ ಬಾಗಿಲು ತೆರೆದು ವಾರಿಕ್ ಬಂದ. ಕಾಲಿಗೆ ಮನೆಯೊಳಗಿನ ಉಣ್ಣೆ ಚಪ್ಪಲಿ, ಮುಖದ ಅರ್ಧಕ್ಕೆ ಕ್ಷೌರದ ನೊರೆ, ಕೈಯಲ್ಲಿ ಪೆಟ್ರೋಲು ಕ್ಯಾನು. ಆ ವಯಸ್ಸಿಗೆ ಸಲ್ಲದ ವೇಗದಲ್ಲಿ ರಸ್ತೆ ದಾಟಿದ. ಹಾಗಾದರೆ ಒಳಗಿರಲಿಲ್ಲ. ನೆವಿಲ್‌ಗೆ ಒಂದು ಕ್ಷಣ ಎದೆ ಹಗುರಾಯಿತು, ಮರುಕ್ಷಣವೇ ಮತ್ತೆ ಕಟ್ಟಿತು. ಇವನಲ್ಲದಿದ್ದರೆ ಇನ್ಯಾರು? ಮೇಲಾಗಿ ಹೀಗೆ, ಅರ್ಧ ಮುಖ ಬೋಳಿಸಿಕೊಂಡು ತಾನು ಗ್ಲೆನಿಸ್‌ಗಾಗಿ ಯಾವತ್ತಾದರೂ ಓಡಿದ್ದುಂಟೇ? ವಾರಿಕ್ ಮುಂಬಾಗಿಲಿಗೆ ಹೋಗಲಿಲ್ಲ. ನೇರ ಜನರೇಟರಿಗೆ ಬಂದ. ಜನರೇಟರು ಇದ್ದದ್ದು ಸೌದೆ ಶೆಡ್ಡಿನಲ್ಲಿ. ಈ ಒಂದು ವಿಷಯವನ್ನು ನೆವಿಲ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಪಾಸಮ್ಮೋ ಯಾವ್ದೋ ಪ್ರಾಣಿ ಬಂದು ಸೇರ್ಕೊಂಡಿದೆ ಅಂದ್ಕೊಂಡೆ," ಅಂದ ವಾರಿಕ್, ಸೌದೆ ರಾಶಿಯ ಆಚೆಯಿಂದ.

"ಸೌದೆ ನೋಡ್ತಿದ್ದೆ."

"ಹೌದಾ. ಹೇಗಿದೆ ಸೌದೆ?"

"ಒಣಗಿದೆ."

ವಾರಿಕ್ ತಲೆಯಾಡಿಸಿದ. ಒಣಗಿದ್ದು ಒಳ್ಳೆಯದಾಯಿತು ಎಂಬಂತೆ. ಕ್ಯಾನು ಕೆಳಗಿಟ್ಟು ಮೀಟರ್ ಪೆಟ್ಟಿಗೆಯ ಕಡೆ ತಿರುಗಿದ. ಅದರ ಬಾಗಿಲು ಹಾರುಹೊಡೆದಿತ್ತು. ಹೋಗಿ ಸ್ವಿಚ್ಚು ಮೇಲೆತ್ತಿದ, ಬಾಗಿಲು ಮುಚ್ಚಿ ಚಿಲಕ ಹಾಕಿದ, ವಾಪಸು ಬಂದ. ಯಾಕೆ ಅಂತ ಕೇಳಲಿಲ್ಲ. ತರಗತಿಯಲ್ಲಿ ಕಾಪಿ ಹೊಡೆದ ಹುಡುಗನನ್ನು ಕಂಡೂ ಕಾಣದಂತೆ ಕಿಟಕಿಯ ಕಡೆ ತಿರುಗುವ ಮೇಷ್ಟರ ದಯೆ ಅದು. ಬೈದಿದ್ದರೆ ನೆವಿಲ್ ಬದುಕಿಕೊಳ್ಳುತ್ತಿದ್ದ.

"ಮೆಸೇಜು ನಿಂಗ್ಯಾಕೆ ಬರುತ್ತೆ?" ಅಂದ ನೆವಿಲ್. ಎದ್ದು ನಿಲ್ಲಲು ಹೋಗಿ ಮೊಣಕಾಲು ಹಿಡಿದುಕೊಂಡು ಮತ್ತೆ ಕೂತ. "ಮನೆ ನಂದು."

"ಗ್ಲೆನಿಸ್ ಹೇಳಿದ್ಲು. ನಿಂಗೆ ಮೊದಲು ಗೊತ್ತಾದ್ರೆ ಓಡಿಬಂದು ಈ ಜನರೇಟರಿನ ಹಗ್ಗ ಎಳೀತೀಯ, ಹೊಟ್ಟೆ ಹೊಲಿಗೆ ಬಿಚ್ಕೊಳ್ಳುತ್ತೆ ಅಂತ. ನೀನು ಎಳೆಯೋಕೆ ಮುಂಚೆ ನಾನು ಬಂದು ಎಳೀಬೇಕು. ಅಷ್ಟೇ ಕಣೋ ನನ್ನ ಕೆಲಸ."

"ಹೊಲಿಗೆ ಬಿಚ್ಚಿ ಆರು ತಿಂಗಳಾಯ್ತು."

"ಅದನ್ನ ಅವಳಿಗೆ ಹೇಳು."

ಹೇಳೇಬಿಡ್ತೀನಿ ಎಂದು ನೆವಿಲ್ ಎದ್ದು ಮನೆಯ ಕಡೆ ಎರಡು ಹೆಜ್ಜೆ ಹಾಕಿದ. ವಾರಿಕ್ ಅವನ ಮೊಣಕೈ ಹಿಡಿದ. ಹಿಡಿತ ಮೆತ್ತಗಿತ್ತು, ಆದರೂ ಮೊಣಕೈ ಸುತ್ತ ಬೆರಳುಗಳು ಸಲೀಸಾಗಿ ಕೂಡಿಕೊಂಡವು. ವಾರಿಕ್ ಅದನ್ನು ನೋಡಿ ಬೇಗ ಕೈ ಬಿಟ್ಟ.

"ಈಗ ಒಳಗೆ ಹೋಗ್ಬೇಡ ನೆವ್. ಹನ್ನೆರಡಾಗ್ಲಿ."

"ಯಾಕೆ? ಯಾರಿದಾರೆ ಒಳಗೆ?"

"ಗ್ಲೆನಿಸ್ ಇದಾಳೆ. ಅವಳೊಬ್ಬಳೇ."

"ಏನ್ಮಾಡ್ತಿದಾಳೆ?"

"ಅದು ನಾನು ಹೇಳೋ ವಿಷಯ ಅಲ್ಲ. ಕಪಾಟಿನಲ್ಲಿರೋ ಪ್ಲಗ್ಗು ಒಂದೇ, ಅದನ್ನ ಯುಪಿಎಸ್ಸು ಹಿಡ್ಕೊಂಡು ಕೂತಿದೆ, ಅದಕ್ಕೇ ಒಂದು ಎಕ್ಸ್‌ಟೆನ್ಶನ್ ವೈರು ಸಿಗಿಸಬಹುದಾ ಅಂತ ಕೇಳಿದ್ಲು. ಸಿಗಿಸಬಹುದು ಅಂದೆ." ಮುಖದ ನೊರೆ ಒಣಗಿ ಚರ್ಮ ಎಳೆಯುತ್ತಿತ್ತೇನೋ, ಅಂಗೈಯಿಂದ ಒರೆಸಿಕೊಂಡ. "ಹೋಗು ಮಾರಾಯಾ, ಶೆಡ್‌ಗೆ ಹೋಗು. ನೀನು ಇಲ್ಲಿದ್ದೆ ಅಂತ ನಾನೇನೂ ಹೇಳಲ್ಲ."

ಅವನು ಹೋದ ಮೇಲೆ ನೆವಿಲ್ ಮತ್ತೆ ಅಲ್ಲೇ ಕೂತ. ಬೇಲಿಯ ಮೇಲೊಂದು ಕೂಕಬರಾ ಕೂತು ಹೊಟ್ಟೆ ಹಿಡಿದುಕೊಂಡವರ ಹಾಗೆ ನಕ್ಕಿತು. ಅದು ಎಲ್ಲರನ್ನೂ ನೋಡಿ ನಗುವ ಹಕ್ಕಿ ಎಂದು ಗೊತ್ತಿದ್ದರೂ ಇವತ್ತು ತನಗಾಗಿಯೇ ಬಂದಿದೆ ಅನ್ನಿಸಿತು. ವಿಷಯ ಇದೆ, ಹಾಗಾದರೆ. ಅವಳಿಗೂ ವಾರಿಕ್‌ಗೂ ನಡುವೆ, ತನಗೆ ಹೇಳಬಾರದ್ದು ಒಂದು ಇದೆ. ಮೈ ಹಂಚಿಕೊಂಡಿದ್ದರೆ ಒಂದು ಕೊಡಲಿ ಎತ್ತಿಕೊಂಡು ಅಭಿನಯಿಸಬಹುದಿತ್ತು. ಗುಟ್ಟು ಹಂಚಿಕೊಂಡವರ ಮೇಲೆ ಏನನ್ನು ಎತ್ತಬೇಕು? ಫೋನು ತೆಗೆದು ಆ ಪುಟಕ್ಕೆ ಹೋದ. ನಾನೂರ ಹದಿನೇಳನ್ನು ಕೊನೆಯಿಂದ ಒಂದೊಂದಾಗಿ ಅಳಿಸಿದ. ಖಾಲಿ ಮನೆ ಉಳಿಯಿತು. ಅಲ್ಲಿ ತನ್ನ ನಂಬರು ಹಾಕಬೇಕೆಂದಿದ್ದ. ಆದರೆ ಅದು ಬಾಯಿಗೆ ಬರಲಿಲ್ಲ. ತನಗೆ ತಾನೇ ಯಾರೂ ಫೋನು ಮಾಡಿಕೊಳ್ಳುವುದಿಲ್ಲವಲ್ಲ. ಖಾಲಿಯನ್ನೇ ಉಳಿಸಿ ಮುಚ್ಚಿದ.

ಹನ್ನೆರಡೂವರೆಗೆ ಮನೆಗೆ ಬಂದಾಗ ಊಟ ಸಿದ್ಧವಿತ್ತು: ಬೀಟ್‌ರೂಟು ಮತ್ತು ತಣ್ಣನೆಯ ಕುರಿಮಾಂಸ ಇಟ್ಟ ಬ್ರೆಡ್ಡು, ಅವನ ಪಾಲು ಅವಳದ್ದಕ್ಕಿಂತ ದೊಡ್ಡದು. ಬಾತುಕೋಳಿ ಮುಗಿಯಿತೇ ಎಂದು ಕೇಳಿದಳು. ಬಾಲ ಬಾಕಿ ಅಂದ. ಗ್ಲೆನಿಸ್ ಒಲೆಯ ಕಡೆ ತಿರುಗಿ ನಿಂತೇಬಿಟ್ಟಳು. ಓವನ್ನಿನ ಗಡಿಯಾರ ಹನ್ನೆರಡು ಸೊನ್ನೆ ಸೊನ್ನೆ, ಹನ್ನೆರಡು ಸೊನ್ನೆ ಸೊನ್ನೆ ಎಂದು ಮಿಟುಕುತ್ತಿತ್ತು. ಕರೆಂಟು ಹೋಗಿ ಬಂದ ಪ್ರತಿ ಮನೆಯಲ್ಲೂ ಅದು ಕೊಡುವ ಸಾಕ್ಷಿ.

"ಕರೆಂಟು ಹೋಗಿತ್ತಾ?" ಅಂದಳು. "ನಂಗೆ ಗೊತ್ತೇ ಆಗ್ಲಿಲ್ಲ."

"ಮಧ್ಯದಲ್ಲಿ ಹೋಗಿರಬೇಕು," ಅಂದ ನೆವಿಲ್, ಬ್ರೆಡ್ಡಿನೊಳಗೆ.

ಅವಳು ಗಡಿಯಾರ ನೋಡಿದಳು, ಆಮೇಲೆ ಅವನ ಪ್ಯಾಂಟಿನ ಮೊಣಕಾಲಿಗೆ ಅಂಟಿದ್ದ ತೊಗಟೆಯ ಪುಡಿ ನೋಡಿದಳು. ಮೂರು ಗಂಟೆಗೆ ಲೈಬ್ರರಿಗೆ ಪುಸ್ತಕ ಮರಳಿಸಲು ಹೋದಳು. ಕಾರಿನ ಸದ್ದು ತಿರುವು ದಾಟುವವರೆಗೂ ಕಾದು ಅವನು ಹಿಂದಿನ ಕೋಣೆಗೆ ಹೋದ.

ಇಲ್ಲಿ ಒಂದು ಸಿಗರೇಟಿನ ತುಂಡು, ಒಂದು ಗಂಡಸಿನ ಕರವಸ್ತ್ರ, ಕೊನೆಗೆ ಎರಡು ಚಹಾ ಕಪ್ಪು ಸಿಕ್ಕಿದ್ದರೂ ಅವನಿಗೆ ನೆಮ್ಮದಿಯಾಗುತ್ತಿತ್ತು. ಸಿಕ್ಕಿದ್ದು ಹೊಲಿಗೆ ಯಂತ್ರ. ಸತ್ತ ಪ್ಲಗ್ ಪಾಯಿಂಟಿನ ಕೆಳಗೆ, ಅಚ್ಚುಕಟ್ಟಾಗಿ ಸುತ್ತಿಟ್ಟ ಕಿತ್ತಳೆ ಬಣ್ಣದ ಉದ್ದ ವೈರು. ಯಂತ್ರದ ಸೂಜಿಯಲ್ಲಿ ಕಂದು ಬಣ್ಣದ ದಾರ. ಅವನು ಪೆಡಲಿನ ಮೇಲೆ ಕೈಯಿಟ್ಟು ಒತ್ತಿದ. ಕರೆಂಟಿಲ್ಲದ ಯಂತ್ರ ಏನೂ ಹೇಳಲಿಲ್ಲ, ಆದರೆ ಗೆರೆಯ ಅರ್ಥ ಅವನಿಗೆ ಆಯಿತು: ಒತ್ತಿದರೆ ಮೂವತ್ತೊಂದು, ಬಿಟ್ಟರೆ ಒಂಬತ್ತು, ಉದ್ದ ಹೊಲಿಗೆಗೆ ಉದ್ದ ಏರು. ಪಕ್ಕದ ಕುರ್ಚಿಯ ಮೇಲೆ ಅವನ ಕಂದು ಪ್ಯಾಂಟು, ಭಾನುವಾರದ ಪ್ಯಾಂಟು, ಹಿಂಬದಿಯ ನಡುಸಾಲು ಅರ್ಧ ಹೊಲಿದು ಅರ್ಧ ಬಿಚ್ಚಿಕೊಂಡು ಬೋರಲು ಬಿದ್ದಿತ್ತು. ಅವನು ಅದನ್ನು ಎತ್ತಿ ಒಳಗು ಮಾಡಿ ನೋಡಿದ. ಸೊಂಟದ ಹತ್ತಿರ ಹಳೆಯ ಹೊಲಿಗೆಯ ಗುರುತುಗಳು ಒಂದರ ಪಕ್ಕ ಒಂದು ಸಣ್ಣ ಸಣ್ಣ ತೂತಿನ ಸಾಲು, ಒಟ್ಟು ನಾಲ್ಕು, ಪ್ರತಿಯೊಂದೂ ಹಿಂದಿನದಕ್ಕಿಂತ ಕಾಲಿಂಚು, ಅರ್ಧ ಇಂಚು ಒಳಗೆ. ಮರದ ಉಂಗುರ ಹೊರಗೆ ಬೆಳೆಯುತ್ತದೆ. ಇವು ಒಳಗೆ ಬೆಳೆದಿದ್ದವು. ತಾನು ಉಟ್ಟಿದ್ದ ಬೂದು ಪ್ಯಾಂಟನ್ನು ಬಿಚ್ಚಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಕೈ ಹಿಂದೆ ಹಾಕಿ ಬೆರಳಿನಿಂದ ತಡವಿದ. ನಡುಸಾಲಿನ ಒಳಗೆ ಬಟ್ಟೆ ದಪ್ಪಗೆ, ಮಡಿಕೆ ಮಡಿಕೆಯಾಗಿ ಕೂತಿತ್ತು. ಅದರ ಮೇಲೇ ಹೊಟ್ಟೆ ತಟ್ಟಿಕೊಂಡು ಶೆಡ್ಡಿನಲ್ಲಿ ಮೆರೆದಿದ್ದ. ಸ್ಟಾವ್ ಆಗ ಯಾಕೋ ಬಾತುಕೋಳಿಯ ಕಡೆ ನೋಡಿದ್ದ.

ಗುಂಡಿಗಳ ಡಬ್ಬಿಯಲ್ಲಿ, ಗುಂಡಿಗಳ ಕೆಳಗೆ, ತೂಕದ ಯಂತ್ರದ ಆ ಬಟನ್ ಸೆಲ್ಲು ಇತ್ತು. ಅದರ ಕೆಳಗೆ ಹಸಿರು ಕಾರ್ಡು. ಈ ಸಲ ಈರುಳ್ಳಿ ಸಾಬೂನಿನ ಬೆನ್ನ ಕಡೆಯಲ್ಲ, ಮುಂದಿನ ಕಡೆ, ಮನೆಗಳಿಗೆ ತಕ್ಕಂತೆ ಗ್ಲೆನಿಸ್ ತುಂಬಿದ್ದಳು. ತಾರೀಖುಗಳೆಲ್ಲ ಬುಧವಾರದವು. ಸೆಲ್ಲು ಎಂಬಲ್ಲಿ ಪ್ರತಿ ಸಲವೂ 'ನೆ.' ಎಂದಿತ್ತು. ಅಂಕಿ ಎಂಬಲ್ಲಿ ಸೊಂಟದ ಇಂಚುಗಳು: ಮೂವತ್ತೆಂಟು, ಮೂವತ್ತೇಳೂವರೆ, ಮೂವತ್ತೇಳು, ಮೂವತ್ತಾರೂಕಾಲು, ಮೂವತ್ತೈದೂವರೆ. ನಿನ್ನೆಯದು ಮೂವತ್ತೈದು. ನಿನ್ನೆ ಅವನು ಸಿಂಕಿನ ಮುಂದೆ ಬಾಣಲೆ ಉಜ್ಜುತ್ತಿದ್ದ. ಅವಳ ಕೈಗಳು ಸುತ್ತಿ ಬಂದು ಹೊಕ್ಕುಳ ಹತ್ತಿರ ಒಂದರ ಬೆರಳನ್ನು ಇನ್ನೊಂದು ಮುಟ್ಟಿದ್ದವು, ಮುಟ್ಟಿ, ಇನ್ನೂ ಮುಂದಕ್ಕೆ, ಮಣಿಕಟ್ಟಿ‌ನವರೆಗೆ ಸರಿದಿದ್ದವು. ಕೆನ್ನೆ ಬೆನ್ನಿಗೆ ಒತ್ತಿತ್ತು. ಪಾಪದ ಕಂದಾಯ ಅಂದುಕೊಂಡಿದ್ದ. ಕೊನೆಯ ಮನೆ ಷರಾ. ಅಲ್ಲಿ ಪ್ರತಿ ಸಾಲಿಗೂ ಒಂದೇ ಮಾತು, ಅವನದೇ ಎಕ್ಸ್‌ಚೇಂಜಿನ ಶಿಸ್ತಿನಲ್ಲಿ, ಅದೇ ಅದೇ ಎಂದು ಅಡ್ಡಗೆರೆ ಎಳೆಯದೆ ಪ್ರತಿ ಸಲ ಪೂರ್ತಿ ಬರೆದದ್ದು: ಹೇಳಿಲ್ಲ. ಹೇಳಿಲ್ಲ. ಹೇಳಿಲ್ಲ. ನಿನ್ನೆಯ ಸಾಲಿನಲ್ಲಿ ಮಾತ್ರ ಅದರ ಮುಂದೆ ಇನ್ನೊಂದಿಷ್ಟು ಇತ್ತು. ಆಸ್ಪತ್ರೆಗೆ ಫೋನ್ ಮಾಡಿದೆ. ನವೆಂಬರಿನ ತಪಾಸಣೆಯವರೆಗೆ ಕಾಯುವುದು ಬೇಡ ಅಂದರು. ಭಾನುವಾರ ಹೇಳಬೇಕು.

ಹೀಗೆ ವಾರದಿಂದ ವಾರಕ್ಕೆ ಇಳಿಯುವ ಅಂಕಿಗಳನ್ನು ಅವನು ನೋಡದವನಲ್ಲ. ಮೊದಲು ಹೈಡ್ರೋಮೀಟರನ್ನು ಅನುಮಾನಿಸುತ್ತೇವೆ, ಆಮೇಲೆ ಚಳಿಯನ್ನು, ಆಮೇಲೆ ಕಣ್ಣನ್ನು. ಎಲ್ಲ ಅನುಮಾನ ಮುಗಿದ ಮೇಲೆ ಸೆಲ್ಲು ಒಂದೇ ಉಳಿಯುತ್ತದೆ. ಅವನು ಕುರ್ಚಿಯಲ್ಲಿ, ತನ್ನ ಬಿಚ್ಚಿದ ಪ್ಯಾಂಟಿನ ಮೇಲೆ, ಬಹಳ ಹೊತ್ತು ಕೂತಿದ್ದ. ಹೆದರಿಕೆ ಬರಬೇಕಿತ್ತು, ಬರುತ್ತಿತ್ತು ಕೂಡ, ದೂರದಲ್ಲಿ ಎಲ್ಲೋ ಗೇರು ಬದಲಿಸುತ್ತಿದ್ದ ಲಾರಿಯ ಹಾಗೆ. ಆದರೆ ಅದಕ್ಕಿಂತ ಮೊದಲು ಬಂದು ಜಾಗ ಹಿಡಿದದ್ದು, ನಾಚಿಕೆಗೇಡು, ಅದೇ ಹಳೆಯ ಹೊಟ್ಟೆಕಿಚ್ಚೇ. ವಾರಿಕ್ ಮೊಣಕೈ ಹಿಡಿದು ಬೇಗ ಬಿಟ್ಟನಲ್ಲ. ಅವನಿಗೆ ತನಗಿಂತ ಮೊದಲು ಗೊತ್ತಿತ್ತು. ತನ್ನ ಕರೆಂಟು ಹೋದ ಸುದ್ದಿ ಇಲ್ಲೂ ರಸ್ತೆಯಾಚೆಗೇ ಮೊದಲು ಮುಟ್ಟಿತ್ತು. ಮುಂದೆ ಯಾವತ್ತೋ ಗಾಳಿ ಬೀಸಿದ ದಿನ, ಈ ಮನೆಯಲ್ಲಿ ಹಗ್ಗ ಎಳೆಯುವವನು ಯಾರೂ ಇಲ್ಲದಿದ್ದಾಗ, ಅರ್ಧ ಮುಖ ಬೋಳಿಸಿಕೊಂಡು ಓಡಿಬರುವವನು ಅವನೇ. ಗ್ಲೆನಿಸ್ ಬಾಗಿಲು ತೆಗೆಯುತ್ತಾಳೆ. ಆಗಲೂ ಅವನ ತಲೆತುಂಬ ಕೂದಲಿರುತ್ತದೆ. ಎಲ್ಲದಕ್ಕೂ ಒಂದು ಬ್ಯಾಕಪ್ ಇರಬೇಕಪ್ಪ ಎಂದು ಮೂವತ್ತೊಂದು ವರ್ಷ ಊರಿಗೆಲ್ಲ ಉಪದೇಶ ಮಾಡಿದವನು ನೆವಿಲ್ಲೇ.

ಗುಂಡಿಗಳನ್ನು ಮೊದಲಿದ್ದಂತೆ ಡಬ್ಬಿಗೆ ಸುರಿದ. ಪ್ಯಾಂಟನ್ನು ಬೋರಲು ಹಾಕಿದ. ಗೋಡೆಯ ಸತ್ತ ಪ್ಲಗ್ ಪಾಯಿಂಟನ್ನು ನೋಡಿದ. ಸ್ಕ್ರೂ ಡ್ರೈವರ್ ಇದ್ದರೆ ಐದೇ ನಿಮಿಷ, ನಿಜಕ್ಕೂ ಐದೇ. ಆದರೆ ಅದು ಜೀವ ಪಡೆದರೆ ಅವನು ಈ ಕೋಣೆಗೆ ಬಂದಿದ್ದ ಅಂತ ಗ್ಲೆನಿಸ್‌ಗೆ ತಿಳಿಯುತ್ತದೆ. ಭಾನುವಾರದವರೆಗೆ ಅವಳ ಗುಟ್ಟು ಅವಳದಾಗಿರಲಿ. ಮೊದಲ ಸಲ ಒಂದು ಕೆಲಸವನ್ನು ಸೋಮಾರಿತನದಿಂದಲ್ಲದೆ ಮುಂದಕ್ಕೆ ಹಾಕಿದ. ಹಜಾರಕ್ಕೆ ಬಂದು ಕಪಾಟಿನ ಮುಂದೆ ನಿಂತು ಫೋನಿನಲ್ಲಿ ಆ ಪುಟ ತೆಗೆದ. ಹೆಂಡತಿಯ ಹೆಸರು ಒತ್ತಿದ, ಅವಳು ಹುಟ್ಟಿದ ಇಸವಿ ಒತ್ತಿದ. ಒಂಬತ್ತು ಎಂದಿತು ಗೆರೆ, ಬಾಲ ಅಲ್ಲಾಡಿಸದೆ. ಖಾಲಿ ಮನೆಯಲ್ಲಿ ಮೊದಲು ತನ್ನ ನಂಬರು ಹಾಕಿದ, ನೋಡಿಕೊಂಡು ಹಾಕಬೇಕಾಯಿತು. ಅದರ ಕೆಳಗೆ ಇನ್ನೊಂದು ಮನೆ ತೆರೆದುಕೊಂಡಿತು. ಫ್ರಿಜ್ಜಿನ ಹತ್ತಿರ ಹೋಗುವ ಅಗತ್ಯ ಬೀಳಲಿಲ್ಲ. ನಾನೂರ ಹದಿನೇಳು ಬಾಯಿಪಾಠವಾಗಿತ್ತು, ವೈರಿಯ ನಂಬರು ಹಾಗೇ ಆಗುತ್ತದೆ. ಒಂದೊಂದಾಗಿ ಒತ್ತಿದ. ಒತ್ತಿ, ಎರಡನ್ನೂ ನೋಡಿದ. ಮೇಲೆ ತಾನು, ಕೆಳಗೆ ಅವನು. ಇಷ್ಟಾದರೂ ಇರಲಿ ಅಂದುಕೊಂಡು ಉಳಿಸಿದ.

ಭಾನುವಾರ ಗ್ಲೆನಿಸ್ ಹೇಳಲಿಲ್ಲ. ಮಧ್ಯಾಹ್ನ ಎರಡು ಸಲ ಬಾಯಿ ತೆರೆದಳು. ಒಂದು ಸಲ ಪುಡಿಂಗ್ ಬೇಕಾ ಅಂತಾಯಿತು, ಇನ್ನೊಂದು ಸಲ ಮಳೆ ಬರಬಹುದು ಅಂತಾಯಿತು. ಕಂದು ಪ್ಯಾಂಟು ಸೊಂಟಕ್ಕೆ ಕಚ್ಚಿ ಕೂತಿತ್ತು. ಚೆನ್ನಾಗಿ ಕೂತಿದೆ ನೋಡು, ಒಂದಿಂಚೂ ಇಳಿದಿಲ್ಲ ಎಂದು ಅವನು ಹೊಟ್ಟೆ ತಟ್ಟಿ ತೋರಿಸಿದ. ಅವಳು ಪುಡಿಂಗ್ ತರಲು ಎದ್ದುಹೋದಳು, ಬೇಗ ಬರಲಿಲ್ಲ. ಬುಧವಾರ ಸಂಜೆ ಅವನು ಸಿಂಕಿನ ಮುಂದೆ ನಿಂತು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒಂದೇ ತಟ್ಟೆ ತೊಳೆಯುತ್ತಿದ್ದ. ಕಿಟಕಿಯಾಚೆ, ರಸ್ತೆಯಾಚೆ, ವಾರಿಕ್‌ನ ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ಹಿಂದೆ ಚಪ್ಪಲಿಯ ಸದ್ದು. ಕೈಗಳು ಬರುವ ಮೊದಲೇ ನೆವಿಲ್ ಎದೆತುಂಬ ಗಾಳಿ ಎಳೆದು ಕೆಳಕ್ಕೆ ದಬ್ಬಿ, ಹೊಟ್ಟೆಯನ್ನು ಆದಷ್ಟೂ ಮುಂದಕ್ಕೆ ಉಬ್ಬಿಸಿ ಹಿಡಿದ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸುಳ್ಳು ಅಂಕಿ ಬರೆಯದವನು. ಅವಳ ಬೆರಳುಗಳು ಸುತ್ತಿ ಬಂದವು, ಹುಡುಕಿದವು, ಸ್ವಲ್ಪ ಹೊತ್ತು ಒಂದನ್ನೊಂದು ಕಾಣಲಿಲ್ಲ. ಬೆನ್ನಿಗೆ ಕೆನ್ನೆ ಬಂದು ನಿಂತಿತು. ಅವಳಿಗೆ ಅವಸರವಿರಲಿಲ್ಲ. ಅಳೆಯುವವರು ಬುರುಡೆ ತೇಲಾಡುವುದು ನಿಲ್ಲುವವರೆಗೆ ಕಾಯಬೇಕು ಅಂತ ಅವಳಿಗೆ ಹೇಳಿಕೊಟ್ಟವನು ಅವನೇ, ಆ ಮೆಟ್ಟಿಲುಗಳ ಮೇಲೆ, ಬುತ್ತಿ ತಿನ್ನುತ್ತ. ಗಾಳಿ ಎಷ್ಟು ಹೊತ್ತು ನಿಂತೀತು. ನಿಧಾನಕ್ಕೆ ಬಿಟ್ಟ. ಬೆರಳು ಬೆರಳನ್ನು ಮುಟ್ಟಿತು, ದಾಟಿತು, ಮಣಿಕಟ್ಟಿನ ಮೇಲೆ ಹೋಗಿ ಹಿಡಿದುಕೊಂಡಿತು.

"ನಾಳೆ ಗುರುವಾರ," ಅಂದಳು ಗ್ಲೆನಿಸ್, ಅವನ ಬೆನ್ನಿಗೆ. "ಶೆಡ್‌ಗೆ ಹೋಗ್ತೀಯ ತಾನೆ?"

"ಹೋಗ್ತೀನಿ," ಅಂದ ನೆವಿಲ್. "ಹನ್ನೆರಡರವರೆಗೂ ಬರಲ್ಲ."